ಹೊಲ, ಮಗ್ಗ, ಹೊಳೆ ದಂಡೆ: ಅಪರೂಪದ ಇಂಗ್ಲಿಷ್ ಪದಗಳನ್ನು ಬೇರುಸಹಿತ ಕಲಿಯುವ ದಾರಿ

ಮುಧೋಳ ಸೀಮೆಯ ಕಬ್ಬು ಬೆಳೆಗಾರರಿಗೆ ‘ರಟೂನ್’ ಹೊಸ ಪದವಲ್ಲ. ಮೊದಲ ಕಟಾವಾದ ಮೇಲೆ ಬುಡದಿಂದ ಮತ್ತೆ ಚಿಗುರುವ ಬೆಳೆ ಅದು, ನಮ್ಮ ಮಾತಿನ ಕೂಳೆ ಕಬ್ಬು. ಇಂಗ್ಲಿಷಿನಲ್ಲೇ ಓದಿ ಬೆಳೆದ ಪಟ್ಟಣದವರಲ್ಲಿ ಬಹಳ ಮಂದಿಗೆ ಈ ಪದ ಗೊತ್ತಿರುವುದಿಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ‘ರೆತೋನ್ಯೊ’ ಎಂದರೆ ಹೊಸ ಚಿಗುರು. ಕಬ್ಬಿನ ತೋಟಗಳ ಜೊತೆ ಓಡಾಡಿದ ಆ ಪದ 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು, ಅಲ್ಲಿಂದ ಘಟಪ್ರಭೆಯ ದಂಡೆಗೂ ಬಂತು.

ಜಮಖಂಡಿ, ಬನಹಟ್ಟಿಯ ವಾಚನಾಲಯಗಳಲ್ಲಿ ಕುಳಿತು ಪಿಎಸ್‌ಐ, ಕೆಎಎಸ್, ಬ್ಯಾಂಕ್ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು ‘ಕಠಿಣ ಪದಗಳ’ ಪಟ್ಟಿಗಳನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮರುದಿನ ಅವು ಮರೆತುಹೋಗುತ್ತವೆ, ಎಷ್ಟೋ ಸಲ ಪರೀಕ್ಷೆಯ ಹಿಂದಿನ ರಾತ್ರಿಯೇ ಮರೆತಿರುತ್ತವೆ. ತಪ್ಪು ಅವರ ನೆನಪಿನದಲ್ಲ, ಪಟ್ಟಿಯದು. ಪಟ್ಟಿಯಲ್ಲಿ ಪದಕ್ಕೆ ಊರಿಲ್ಲ, ಕೆಲಸವಿಲ್ಲ, ಹಿಂದಿನ ಕಥೆಯಿಲ್ಲ. ನಾನು ಹೇಳಹೊರಟಿರುವ ದಾರಿ ಬೇರೆ: ನಿಮ್ಮ ಕೈಗೆ ಗೊತ್ತಿರುವ ಕೆಲಸದಿಂದ ಶುರುಮಾಡಿ. ವಸ್ತು ಗೊತ್ತಿದ್ದವರಿಗೆ ಪದ ಬೇಗ ಹತ್ತುತ್ತದೆ. ಅದು ನಡೆದು ಬಂದ ದಾರಿಯೂ ತಿಳಿದರೆ ಮತ್ತೆ ಬಿಟ್ಟುಹೋಗುವುದಿಲ್ಲ. ಈ ವಿಷಯದಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರು ಬಡವರಲ್ಲ. ಕಬ್ಬು, ನೇಕಾರಿಕೆ, ಹೊಳೆ ಮೂರೂ ಇರುವ ನೆಲ ಇದು, ಇಂಗ್ಲಿಷಿನ ಎಷ್ಟೋ ಪದಗಳು ಹುಟ್ಟಿದ್ದೂ ಇಂಥ ಕೆಲಸಗಳಲ್ಲೇ.

ನಿಘಂಟಿನ ಕೆಲಸವೂ ಈ ಮಣ್ಣಿಗೆ ಹೊಸದಲ್ಲ. ಮುಧೋಳದ ರನ್ನ ‘ಗದಾಯುದ್ಧ’ದ ಕವಿಯೆಂದು ಎಲ್ಲರಿಗೂ ಗೊತ್ತು. ಪದಗಳಿಗೆ ಅರ್ಥ ಹೇಳುವ ‘ರನ್ನಕಂದ’ ಎಂಬ ನಿಘಂಟನ್ನೂ ಅವನು ಬರೆದಿದ್ದ. ಅದರಲ್ಲಿ ನಮಗೆ ಉಳಿದಿರುವುದು ಕೆಲವೇ ಪದ್ಯಗಳು. ಹಾಗಿದ್ದರೂ ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ನಿಘಂಟು ಅದೇ. ಅವನು ಬಳೆಗಾರರ ಮನೆಯ ಮಗ. ಬಳೆಗೆ ಇಂಗ್ಲಿಷಿನಲ್ಲಿ ‘ಬ್ಯಾಂಗಲ್’ ಎನ್ನುತ್ತೇವಲ್ಲ, ಅದು ಇಂಗ್ಲಿಷರ ಸ್ವಂತ ಪದವಲ್ಲ, ಹಿಂದಿಯ ‘ಬಂಗ್ಲಿ’ ಅಥವಾ ‘ಬಂಗ್ರಿ’ಯಿಂದ 18ನೇ ಶತಮಾನದಲ್ಲಿ ಅವರು ಎತ್ತಿಕೊಂಡದ್ದು.

ಗಾಣದಿಂದ ಕಾರ್ಖಾನೆಯವರೆಗೆ

ತಿಮ್ಮಾಪುರದ ಸಹಕಾರಿ ಸಕ್ಕರೆ ಕಾರ್ಖಾನೆಗೆ ರನ್ನನ ಹೆಸರೇ ಇದೆ. ಅಂಥ ಕಾರ್ಖಾನೆಯೊಂದರಲ್ಲಿ ಒಂದು ಪಾಳಿ ಕೆಲಸ ಮಾಡಿದವರ ಬಾಯಲ್ಲಿ ಎಷ್ಟು ಇಂಗ್ಲಿಷ್ ಪದಗಳು ಓಡಾಡುತ್ತವೆ ಎಂದು ಗಮನಿಸಿ. ರಸ ಹಿಂಡಿ ಉಳಿದ ಸಿಪ್ಪೆ ‘ಬಗಾಸ್’. ಸ್ಪ್ಯಾನಿಷಿನ ‘ಬಗಾಸೊ’ ಇದರ ಮೂಲ. ದ್ರಾಕ್ಷಿ, ಆಲಿವ್ ಹಿಂಡಿದ ಮೇಲೆ ಉಳಿಯುವ ಹಿಪ್ಪೆಗೆ ಅಲ್ಲಿ ಆ ಹೆಸರಿತ್ತು, ಫ್ರೆಂಚ್ ಮೂಲಕ ಬಂದು ಕಬ್ಬಿಗೆ ಅಂಟಿತು. ಕಾಕಂಬಿಗೆ ‘ಮೊಲಾಸಿಸ್’. ಇದು ಪೋರ್ಚುಗೀಸರ ‘ಮೆಲಾಸು’, ಅದರ ಬೇರಿನಲ್ಲಿರುವುದು ಲ್ಯಾಟಿನ್ನಿನ ‘ಮೆಲ್’, ಅಂದರೆ ಜೇನು. ಪ್ಯಾನಿನಲ್ಲಿ ಕುದ್ದು ಹರಳುಗಟ್ಟಿದ ಪಾಕಕ್ಕೆ ‘ಮ್ಯಾಸಿಕ್ಯೂಟ್’ ಎನ್ನುತ್ತಾರೆ. ಫ್ರೆಂಚಿನಲ್ಲಿ ಅದರ ನೇರ ಅರ್ಥ ‘ಬೆಂದ ಮುದ್ದೆ’.

‘ಶುಗರ್’ ಎಂಬ ಪದದ ದಾರಿ ಹಲವರಿಗೆ ಗೊತ್ತಿದೆ. ಸಂಸ್ಕೃತದ ‘ಶರ್ಕರಾ’ ಪರ್ಶಿಯನ್ನಿನಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್ ಆಗಿ, ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಹೋಯಿತು. ಶರ್ಕರಾ ಎಂದರೆ ಮೊದಲು ಹರಳು, ಗರಸು. ‘ಕ್ಯಾಂಡಿ’ಯೂ ನಮ್ಮ ಕಡೆಯದೇ, ‘ಖಂಡ’ ಅಂದರೆ ತುಂಡು. ‘ಜ್ಯಾಗರಿ’ಯ ಪ್ರಯಾಣ ಇನ್ನೂ ಸೊಗಸು. ಅದೇ ಶರ್ಕರಾ ಕೇರಳದಲ್ಲಿ ‘ಚಕ್ಕರ’ ಆಯಿತು, ಪೋರ್ಚುಗೀಸರ ಬಾಯಲ್ಲಿ ‘ಜಾಗರ’ ಆಯಿತು, ಇಂಗ್ಲಿಷಿನಲ್ಲಿ ಬೆಲ್ಲದ ಹೆಸರಾಗಿ ನಿಂತಿತು. ಅಂದರೆ ಇಂಗ್ಲಿಷಿನ ಸಕ್ಕರೆ, ಬೆಲ್ಲ ಎರಡೂ ಒಂದೇ ತಾಯಿಯ ಮಕ್ಕಳು, ಬೇರೆ ಬೇರೆ ಹಡಗು ಹತ್ತಿ ಹೋದವರು.

ಈ ಕುಟುಂಬದಲ್ಲಿ ಪರೀಕ್ಷೆಗೂ ಪತ್ರಿಕೆಯ ಓದಿಗೂ ಬೇಕಾಗುವ ಪದ ‘ಸ್ಯಾಕರಿನ್’. ಗ್ರೀಕರು ಸಕ್ಕರೆಗೆ ಹೇಳುತ್ತಿದ್ದ ‘ಸಾಖರಾನ್’ ಅದರ ಮೂಲ. ಮಧುಮೇಹಿಗಳ ಗುಳಿಗೆಯ ಹೆಸರಾಗಿ ಇದು ನಮಗೆ ಗೊತ್ತು. ಆದರೆ ವಿಶೇಷಣವಾಗಿ ಬಳಸಿದಾಗ, ಕೊನೆಗೆ ‘ಇ’ ಅಕ್ಷರ ಸೇರಿಸಿ ಬರೆದಾಗ, ಅರ್ಥವೇ ಬೇರೆ: ಅತಿಯಾಗಿ ಸಿಹಿ ಹಚ್ಚಿದ, ನಂಬಲಾಗದಷ್ಟು ಮಧುರವಾದ ಮಾತು, ನಗೆ, ಸಿನಿಮಾ ದೃಶ್ಯ. ಇಂಗ್ಲಿಷ್ ವಿಮರ್ಶೆಯಲ್ಲಿ ಈ ಪದ ಕಂಡರೆ ಹೊಗಳಿಕೆ ಎಂದುಕೊಳ್ಳಬೇಡಿ.

‘ಟ್ರೀಕಲ್’ ಎಂಬುದು ಇಂಗ್ಲೆಂಡಿನವರು ಸಕ್ಕರೆಯ ದಪ್ಪ ಕಪ್ಪು ಪಾಕಕ್ಕೆ ಹೇಳುವ ಹೆಸರು. ಇದರ ಮೂಲ ಕೇಳಿದರೆ ಯಾರಿಗಾದರೂ ಅಚ್ಚರಿಯಾಗುತ್ತದೆ. ಗ್ರೀಕಿನಲ್ಲಿ ‘ಥೇರಿಯಾಕೆ’ ಎಂದರೆ ಕಾಡುಮೃಗ, ವಿಷಜಂತು ಕಚ್ಚಿದ್ದಕ್ಕೆ ಕೊಡುವ ಮದ್ದು. ಕಹಿ ಮದ್ದನ್ನು ಸಿಹಿಪಾಕದಲ್ಲಿ ಕಲಸಿ ಕೊಡುವುದು ರೂಢಿ. ಕಾಲ ಸರಿದಂತೆ ಮದ್ದು ಮರೆಯಾಯಿತು, ಪಾಕಕ್ಕೆ ಹೆಸರು ಉಳಿಯಿತು.

ಮಗ್ಗದ ಮುಂದೆ

ರಬಕವಿ-ಬನಹಟ್ಟಿಯಲ್ಲಿ ಈಗ ಪವರ್‌ಲೂಮಿನ ಸದ್ದೇ ಹೆಚ್ಚು. ಆದರೂ ಪದಗಳ ದೃಷ್ಟಿಯಿಂದ ನೋಡಬೇಕಾದದ್ದು ಕುಣಿಮಗ್ಗವನ್ನು. ಕುಣಿಯೊಳಗೆ ಕಾಲಿಳಿಸಿ ಕುಳಿತ ನೇಕಾರರು ಕಾಲಡಿಯ ಪಟ್ಟಿ ಒತ್ತುತ್ತಾರೆ. ಹಾಸಿನ ಎಳೆಗಳು ಎರಡು ಪದರವಾಗಿ ಬಾಯಿ ಬಿಡುತ್ತವೆ. ಆ ಸಂದಿಯಲ್ಲಿ ಲಾಳಿ ಸರ್ರನೆ ಆಚೆ ಬದಿಗೆ ಹಾಯುತ್ತದೆ, ಒಳಗಿನ ಕಂಡಿಕೆಯಿಂದ ಹೊಕ್ಕಿನ ಎಳೆ ಬಿಚ್ಚುತ್ತ ಹೋಗುತ್ತದೆ. ಹಣಿಗೆಯನ್ನು ಎಳೆದು ಬಡಿದರೆ ಆ ಎಳೆ ತನ್ನ ಜಾಗದಲ್ಲಿ ಕೂರುತ್ತದೆ. ಮತ್ತೆ ಕಾಲು, ಮತ್ತೆ ಲಾಳಿ.

ಈ ಒಂದು ಸುತ್ತಿನಲ್ಲಿ ಎಷ್ಟು ಪದಗಳಿವೆ ನೋಡಿ. ಲಾಳಿಗೆ ‘ಶಟಲ್’. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಎಸೆಯುವ ಈಟಿ, ಬಾಣ ಎಂಬ ಅರ್ಥವಿತ್ತು, ‘ಶೂಟ್’ ಎಂಬ ಕ್ರಿಯಾಪದದ ಬಳಗದ್ದು ಅದು. ಆಚೆ ಈಚೆ ಓಡಾಡುವ ಗುಣದಿಂದ ಶಟಲ್ ಬಸ್ಸು, ಶಟಲ್ ಕಾಕ್, ಬಾಹ್ಯಾಕಾಶಕ್ಕೆ ಹೋಗಿ ಬರುವ ಸ್ಪೇಸ್ ಶಟಲ್ ಎಲ್ಲ ಹುಟ್ಟಿದವು. ಹಾಸಿಗೆ ‘ವಾರ್ಪ್’, ಹೊಕ್ಕಿಗೆ ‘ವೆಫ್ಟ್’. ನೇಯ್ಗೆಗೆ ಲ್ಯಾಟಿನ್ನಿನಲ್ಲಿ ‘ತೆಕ್ಸೆರೆ’. ಅದರಿಂದ ಟೆಕ್ಸ್‌ಟೈಲ್ ಬಂದದ್ದು ಸಹಜ, ಆದರೆ ‘ಟೆಕ್ಸ್ಟ್’, ‘ಕಾಂಟೆಕ್ಸ್ಟ್’ ಕೂಡ ಅದರಿಂದಲೇ ಬಂದವು. ಬರಹ ಎಂದರೆ ನೇಯ್ದದ್ದು, ಸಂದರ್ಭ ಎಂದರೆ ಜೊತೆಗೆ ನೇಯ್ದದ್ದು. ನಾವೂ ಒಂದು ವಿಷಯ ಇನ್ನೊಂದರಲ್ಲಿ ‘ಹಾಸುಹೊಕ್ಕಾಗಿದೆ’ ಎನ್ನುವಾಗ ಮಾಡುತ್ತಿರುವುದು ಇದನ್ನೇ.

‘ಸಟಲ್’ ಎಂಬ ಪದಕ್ಕೆ ಸೂಕ್ಷ್ಮ, ಸುಲಭವಾಗಿ ಕಣ್ಣಿಗೆ ಬೀಳದ್ದು ಎಂದು ಅರ್ಥ. ಲ್ಯಾಟಿನ್ನಿನ ‘ಸಬ್‌ಟಿಲಿಸ್’ ಇದರ ಮೂಲ, ಹಾಸಿನ ಅಡಿ ಹಾಯುವ ಅತಿ ನಯವಾದ ಎಳೆ ಎಂಬ ಅರ್ಥದಿಂದ ಅದು ಬಂದಿರಬೇಕೆಂದು ವಿದ್ವಾಂಸರ ಅಭಿಪ್ರಾಯ. ಇದರ ಕಾಗುಣಿತದಲ್ಲಿ ‘ಬ’ಕಾರದ ಅಕ್ಷರವಿದೆ, ಉಚ್ಚಾರದಲ್ಲಿ ಇಲ್ಲ. ಇಂಗ್ಲಿಷರು ಹಿಂದೆ ಆ ಅಕ್ಷರವಿಲ್ಲದೆಯೇ ಬರೆಯುತ್ತಿದ್ದರು, ಲ್ಯಾಟಿನ್ ಮೂಲ ಕಾಣಲಿ ಎಂದು ಪಂಡಿತರು ಆಮೇಲೆ ತಂದು ಸೇರಿಸಿದರು. ‘ಡೆಟ್’, ‘ಡೌಟ್’ ಪದಗಳಲ್ಲಿಯೂ ನಡೆದದ್ದು ಇದೇ. ಬರೆದಂತೆ ಓದುವ ಕನ್ನಡಿಗರಿಗೆ ಇಂಥ ಮೂಕ ಅಕ್ಷರ ಕಿರಿಕಿರಿಯೇ. ಆದರೆ ಅದು ಅಲ್ಲಿಗೆ ಏಕೆ ಬಂತೆಂದು ತಿಳಿದರೆ ಉಚ್ಚಾರವೂ ಕಾಗುಣಿತವೂ ಒಟ್ಟಿಗೆ ನೆನಪಿರುತ್ತವೆ.

‘ಏರ್‌ಲೂಮ್’ ಎಂದರೆ ತಲೆಮಾರಿನಿಂದ ತಲೆಮಾರಿಗೆ ಬಂದ ಮನೆತನದ ವಸ್ತು. ಅಜ್ಜಿಯ ಕಾಲದ ಇಳಕಲ್ ಸೀರೆ, ಹಿತ್ತಾಳೆ ಕೊಡ, ಹಿರಿಯರ ತಂಬೂರಿ. ‘ಲೂಮ್’ ಇದೆ ಎಂದು ಮಗ್ಗದ ಅರ್ಥ ಹಚ್ಚಬೇಡಿ. ಹಳೆಯ ಇಂಗ್ಲಿಷಿನಲ್ಲಿ ಲೂಮ್ ಎಂದರೆ ಯಾವುದೇ ಸಲಕರಣೆ, ವಾರಸುದಾರನಿಗೆ ಬಂದ ಸಲಕರಣೆಯೇ ಏರ್‌ಲೂಮ್. ಮುಂದೆ ಸಲಕರಣೆಗಳಲ್ಲೆಲ್ಲ ಮುಖ್ಯವಾದ ಮಗ್ಗಕ್ಕೇ ಆ ಹೆಸರು ಸೀಮಿತವಾಯಿತು. ಹಾಗೆ ಸೀಮಿತವಾಗಬೇಕಾದರೆ ಮನೆಗಳಲ್ಲಿ ಮಗ್ಗಕ್ಕೆ ಎಂಥ ಸ್ಥಾನವಿತ್ತೆಂದು ರಬಕವಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ನನಗೆ ಬಹಳ ಇಷ್ಟವಾದ ಜೋಡಿ ‘ಬಾಂಬ್ಯಾಸ್ಟ್’ ಮತ್ತು ‘ಫಸ್ಟಿಯನ್’. ಎರಡಕ್ಕೂ ಆಡಂಬರದ, ಒಳಗೆ ಹುರುಳಿಲ್ಲದ ಮಾತು ಎಂಬ ಅರ್ಥವಿದೆ. ಬಾಂಬ್ಯಾಸ್ಟ್ ಎಂಬುದು 16ನೇ ಶತಮಾನದ ಯುರೋಪಿನಲ್ಲಿ ಅಂಗಿ ಉಬ್ಬಿ ಕಾಣಲಿ ಎಂದು ಒಳಗೆ ತುಂಬುತ್ತಿದ್ದ ಅರಳೆ. ಫಸ್ಟಿಯನ್ ಒಂದು ಬಗೆಯ ಒರಟು ಬಟ್ಟೆ, ಈಜಿಪ್ಟಿನ ಕೈರೊ ಬಳಿಯ ಫುಸ್ತಾತ್ ಊರಿನಿಂದ ಆ ಹೆಸರು ಬಂದಿರಬಹುದು ಎನ್ನುತ್ತಾರೆ. ಚುನಾವಣೆಯ ವೇದಿಕೆಯ ಭಾಷಣ ಕೇಳಿ ಬಂದವರಿಗೆ ಇವೆರಡೂ ಉಪಯೋಗಕ್ಕೆ ಬರುವ ಪದಗಳು. ‘ಬಾಂಬ್’ಗೂ ಬಾಂಬ್ಯಾಸ್ಟ್‌ಗೂ ನಂಟಿಲ್ಲ ಎಂಬುದು ಮಾತ್ರ ನೆನಪಿರಲಿ.

‘ಟೆಂಟರ್‌ಹುಕ್ಸ್’ ಎಂಬುದು ಉಣ್ಣೆ ಬಟ್ಟೆಯನ್ನು ತೊಳೆದು ಒಣಗಿಸುವಾಗ ಕುಗ್ಗದಂತೆ ಚೌಕಟ್ಟಿಗೆ ಎಳೆದು ಸಿಗಿಸುವ ಕೊಕ್ಕೆಗಳು. ಆ ಕೊಕ್ಕೆಗಳ ಮೇಲಿರುವುದು ಎಂದರೆ ಫಲಿತಾಂಶಕ್ಕೆ ಕಾಯುವವರ ಹಾಗೆ ಜೀವ ಬಿಗಿಹಿಡಿದು ಕೂರುವುದು. ಬಹಳ ಮಂದಿ ಇದನ್ನು ‘ಟೆಂಡರ್‌ಹುಕ್ಸ್’ ಎಂದು ತಪ್ಪಾಗಿ ಬರೆಯುತ್ತಾರೆ. ‘ಕ್ಲೂ’ ಎಂಬುದು ಮೂಲದಲ್ಲಿ ನೂಲಿನ ಉಂಡೆ. ಗ್ರೀಕರ ಕಥೆಯಲ್ಲಿ ಥೀಸಿಯಸ್ ಸುತ್ತುಬಳಸು ದಾರಿಗಳ ಕೋಟೆಯೊಳಗೆ ನೂಲು ಬಿಚ್ಚುತ್ತ ಹೋಗಿ, ಅದೇ ನೂಲು ಹಿಡಿದು ಹೊರಬಂದ. ಅಲ್ಲಿಂದ ಸುಳಿವು ಎಂಬ ಅರ್ಥ ಬಂತು. ‘ಸ್ಪಿನ್‌ಸ್ಟರ್’ ಎಂದರೆ ನೂಲುವ ಹೆಣ್ಣು, ಮುಂದೆ ಕಾನೂನು ಪತ್ರಗಳಲ್ಲಿ ಮದುವೆಯಾಗದವಳು ಎಂಬ ಅರ್ಥದಲ್ಲಿ ನಿಂತಿತು. ಇಂಗ್ಲೆಂಡಿನ ಮದುವೆ ನೋಂದಣಿಯಲ್ಲಿ 2005ರಿಂದ ಅದನ್ನು ಕೈಬಿಟ್ಟಿದ್ದಾರೆ. ಈಗ ಅದು ಚುಚ್ಚುಮಾತು. ಅರ್ಥ ತಿಳಿದಿರಲಿ, ಯಾರ ಬಗ್ಗೆಯೂ ಬಳಸಬೇಡಿ.

ಜಕಾರ್ಡ್ ಯಂತ್ರ ಬನಹಟ್ಟಿಯ ನೇಕಾರರಿಗೆ ಪರಿಚಿತ. ಅದು ಒಬ್ಬ ಮನುಷ್ಯನ ಹೆಸರು: ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರಿ ಜಕಾರ್ಡ್, ಕಾಲ 1804. ತೂತು ಹೊಡೆದ ಕಾರ್ಡುಗಳಿಂದ ಅಂಚು ಸೆರಗಿನ ವಿನ್ಯಾಸ ನಡೆಸುವ ಅವನ ಉಪಾಯವೇ ಮುಂದೆ ಗಣಕಯಂತ್ರ ಕಲ್ಪಿಸಿದವರಿಗೆ ದಾರಿ ತೋರಿಸಿತು. ನೂಲಿನ ವ್ಯಾಪಾರಿಗಳು ಹೇಳುವ ‘ಡೆನಿಯರ್’ ಎಂದರೆ 9000 ಮೀಟರ್ ಎಳೆಯ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ರೋಮನ್ನರ ‘ದೆನಾರಿಯಸ್’ ನಾಣ್ಯ ಅದರ ಮೂಲ. ನಮ್ಮ ಹಳೆಯ ಗ್ರಂಥಗಳ ‘ದೀನಾರ’ವೂ ಅದೇ ನಾಣ್ಯ. ಇನ್ನು ‘ರಾಕೆಟ್’! ಇಟಲಿಯ ಹೆಂಗಸರು ನೂಲುವಾಗ ಬಳಸುತ್ತಿದ್ದ ನೂಲುಗೋಲು ‘ರೊಕ್ಕಾ’, ಅದರ ಆಕಾರ ಹೋಲುವ ಬಾಣಕ್ಕೆ ಅದರದೇ ಹೆಸರು. ಹೈದರ್, ಟಿಪ್ಪು ಹಾರಿಸಿದ ಮೈಸೂರು ರಾಕೆಟ್ಟಿನ ಹೆಸರೂ ಕೊನೆಗೆ ನೂಲುವವರ ಮನೆಯಿಂದಲೇ ಬಂದದ್ದು.

ಹೊಳೆ ದಂಡೆಯ ಪದಗಳು

ಬೀಳಗಿ ಭಾಗದ ಹಳ್ಳಿಗಳಿಗೆ ಆಲಮಟ್ಟಿಯ ಹಿನ್ನೀರು, ಮುಳುಗಡೆ, ಪುನರ್ವಸತಿ ದಿನದ ಮಾತು. ಕೃಷ್ಣಾ ನ್ಯಾಯಮಂಡಳಿಯ ಸುದ್ದಿ ಇಂಗ್ಲಿಷ್ ಪತ್ರಿಕೆಯಲ್ಲಿ ಬಂದಾಗ ‘ರೈಪೇರಿಯನ್ ಸ್ಟೇಟ್ಸ್’ ಎಂಬ ಮಾತು ಬರುತ್ತದೆ. ಲ್ಯಾಟಿನ್ನಿನಲ್ಲಿ ‘ರೀಪಾ’ ಎಂದರೆ ದಂಡೆ. ದಂಡೆಯ ಹಕ್ಕುಳ್ಳ ರಾಜ್ಯಗಳೇ ರೈಪೇರಿಯನ್ ರಾಜ್ಯಗಳು. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಮಂಡಳಿ 2010ರಲ್ಲಿ ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿದಾಗಿನಿಂದ ಈ ಪದ ನಮ್ಮ ಜಿಲ್ಲೆಯ ಹಣೆಬರಹಕ್ಕೇ ಅಂಟಿಕೊಂಡಿದೆ. ‘ಅರೈವ್’ ಎಂಬ ಸಾಮಾನ್ಯ ಪದದಲ್ಲಿಯೂ ಅದೇ ರೀಪಾ ಇದೆ, ಮುಟ್ಟುವುದು ಎಂದರೆ ದಂಡೆ ಸೇರುವುದು.

‘ರೀವಸ್’ ಎಂದರೆ ಹಳ್ಳ, ತೊರೆ. ಒಂದೇ ಹಳ್ಳದ ನೀರು ಹಂಚಿಕೊಳ್ಳುವವನು ‘ರೈವಲ್’. ಈಗ ಅದಕ್ಕೆ ಎದುರಾಳಿ ಎಂಬ ಅರ್ಥ. ಬೇಸಿಗೆಯಲ್ಲಿ ಕಾಲುವೆಯ ಪಾಳಿಗಾಗಿ ರಾತ್ರಿ ಎದ್ದು ಹೋಗುವ ರೈತರಿಗೆ ಈ ಅರ್ಥಾಂತರ ವಿವರಿಸಬೇಕಾಗಿಲ್ಲ. ‘ಡಿರೈವ್’ ಎಂದರೆ ಹಳ್ಳದಿಂದ ನೀರು ಬೇರೆ ಕಡೆ ತಿರುಗಿಸುವುದು. ಪದಗಳ ಮೂಲ ಹೇಳುವಾಗ ನಿಘಂಟುಗಳು ಬಳಸುವ ‘ಡಿರಿವೇಶನ್’ ಎಂಬ ಪದದ ಒಳಗೂ ಒಂದು ಕಾಲುವೆ ಇದೆ.

ಅಲೆಗೆ ಲ್ಯಾಟಿನ್ನಿನಲ್ಲಿ ‘ಉಂಡಾ’. ಇದೊಂದನ್ನು ಹಿಡಿದರೆ ಪದಗಳ ಸಾಲೇ ಸಿಗುತ್ತದೆ. ‘ಇನಂಡೇಟ್’, ಪ್ರವಾಹದಲ್ಲಿ ಮುಳುಗಿಸು. ‘ಅಬಂಡಂಟ್’, ಉಕ್ಕುವಷ್ಟು ಸಮೃದ್ಧ. ‘ರಿಡಂಡಂಟ್’, ತುಂಬಿ ಹೊರಚೆಲ್ಲುವಷ್ಟು, ಆದ್ದರಿಂದ ಅನಗತ್ಯ. ‘ಅಂಡ್ಯುಲೇಟ್’, ಅಲೆಯಂತೆ ಏರಿಳಿ. ಇವೆಲ್ಲಕ್ಕಿಂತ ‘ಸರೌಂಡ್’ ವಿಶೇಷ. ಸುತ್ತುವರಿ ಎಂಬ ಅರ್ಥ ನೋಡಿ ಅದರಲ್ಲಿ ‘ರೌಂಡ್’ ಇದೆ ಎಂದು ಎಲ್ಲರೂ ಭಾವಿಸುತ್ತಾರೆ. ಇಲ್ಲ, ಅದು ‘ಸುಪೆರ್‌ಉಂಡಾರೆ’, ಮೇಲೆ ಉಕ್ಕಿ ಹರಿ ಎಂಬುದರಿಂದ ಬಂದದ್ದು. ರೌಂಡ್‌ನ ಹೋಲಿಕೆಯಿಂದ ಅರ್ಥ ಆಮೇಲೆ ಬಾಗಿತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ ತಾಲ್ಲೂಕಿನ ಹಳ್ಳಿಗಳು ನಡುಗಡ್ಡೆಯಾದದ್ದನ್ನು ಕಂಡವರಿಗೆ ಈ ಪದದ ಹಳೆಯ ಅರ್ಥ, ಹೊಸ ಅರ್ಥ ಎರಡೂ ಒಂದೇ ಸಲ ಕಣ್ಣಿಗೆ ಕಟ್ಟುತ್ತವೆ.

ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ, ಅದು ಕೃಷ್ಣೆಯ ‘ಟ್ರಿಬ್ಯುಟರಿ’. ಆ ಪದದ ಮೊದಲ ಅರ್ಥ ಕಪ್ಪ ಕೊಡುವವನು. ಬ್ರಿಟಿಷರ ಕಾಲದಲ್ಲಿ ಪಟವರ್ಧನರ ಜಮಖಂಡಿಯೂ ಘೋರ್ಪಡೆಯವರ ಮುಧೋಳವೂ ಕಪ್ಪ ಕೊಡುತ್ತಿದ್ದ ಸಂಸ್ಥಾನಗಳು, ಆ ಅರ್ಥದಲ್ಲಿ ಅವೂ ಟ್ರಿಬ್ಯುಟರಿಗಳೇ. ‘ಆಂಟಿಡಿಲೂವಿಯನ್’ ಎಂದರೆ ಮಹಾಪ್ರಳಯಕ್ಕಿಂತ ಹಿಂದಿನದು, ಅಂದರೆ ಬಹಳ ಹಳತಾದದ್ದು. ಇಲ್ಲಿನ ‘ಆಂಟಿ’ ವಿರೋಧವಲ್ಲ, ಲ್ಯಾಟಿನ್ನಿನ ‘ಆಂತೆ’, ಮುಂಚೆ. ಕಾಗುಣಿತದಲ್ಲಿ ಬಹಳ ಮಂದಿ ಎಡವುವುದು ಇಲ್ಲೇ.

ಮುಧೋಳದ ನಾಯಿಯನ್ನು ಬಿಟ್ಟು ಮುಂದೆ ಹೋಗಲಾಗದು. ಅಂಚೆ ಇಲಾಖೆ 2005ರಲ್ಲಿ ಅದರ ಚೀಟಿ ತಂದಿತು. ಒಂದು ಕೆನಲ್ ಕ್ಲಬ್ಬು ಅದನ್ನು ‘ಮುಧೋಳ ಹೌಂಡ್’ ಎಂದು ನೋಂದಾಯಿಸಿದರೆ ಇನ್ನೊಂದು ‘ಕ್ಯಾರವಾನ್ ಹೌಂಡ್’ ಎನ್ನುತ್ತದೆ. ‘ಹೌಂಡ್’ ಹಳೆಯ ಇಂಗ್ಲಿಷಿನಲ್ಲಿ ಎಲ್ಲ ನಾಯಿಗಳ ಹೆಸರು, ‘ಡಾಗ್’ ಬಂದು ಆ ಜಾಗ ಹಿಡಿದ ಮೇಲೆ ಬೇಟೆನಾಯಿಗಷ್ಟೇ ಉಳಿಯಿತು. ಗ್ರೇಹೌಂಡ್‌ನಲ್ಲಿರುವ ‘ಗ್ರೇ’ಗೂ ಬೂದು ಬಣ್ಣಕ್ಕೂ ಸಂಬಂಧವಿಲ್ಲ. ನಾಯಿಯಿಂದ ಬಂದ ಸೊಗಸಾದ ಅಪರೂಪದ ಪದ ‘ಸಿನೊಶುರ್’, ಎಲ್ಲರ ಕಣ್ಣು ನೆಟ್ಟಿರುವ ವಸ್ತು ಅಥವಾ ವ್ಯಕ್ತಿ. ಗ್ರೀಕಿನಲ್ಲಿ ಅದರ ಅರ್ಥ ನಾಯಿಯ ಬಾಲ. ಧ್ರುವನಕ್ಷತ್ರವಿರುವ ನಕ್ಷತ್ರಪುಂಜಕ್ಕೆ ಗ್ರೀಕರು ಆ ಹೆಸರಿಟ್ಟಿದ್ದರು. ನಾವಿಕರೆಲ್ಲ ದಿಕ್ಕಿಗಾಗಿ ಅದನ್ನೇ ನೋಡುತ್ತಿದ್ದರು.

ಯಾವ ಪುಸ್ತಕ ತೆರೆಯಬೇಕು, ಯಾವ ಮಾತು ನಂಬಬಾರದು

ಇಂಗ್ಲಿಷ್ ನಿಘಂಟಿನಲ್ಲಿ ಅರ್ಥ ನೋಡಿ ಮುಚ್ಚಿಬಿಡಬೇಡಿ. ಪದದ ಪಕ್ಕದಲ್ಲೋ ಕೊನೆಯಲ್ಲೋ ಚೌಕ ಆವರಣದಲ್ಲಿ ಮೂಲ ಕೊಟ್ಟಿರುತ್ತಾರೆ: ಯಾವ ಭಾಷೆಯಿಂದ ಬಂತು, ಅಲ್ಲಿ ಅರ್ಥವೇನಿತ್ತು. ದೊಡ್ಡ ನಿಘಂಟುಗಳಲ್ಲಿ ಅದು ಮೊದಲು ಬರಹದಲ್ಲಿ ಕಂಡ ವರ್ಷವೂ ಇರುತ್ತದೆ. ಭಾರತದಿಂದ ಹೋದ ಪದವೆಂಬ ಅನುಮಾನವಿದ್ದರೆ ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ನೋಡಿ, ಅಂತರ್ಜಾಲದಲ್ಲಿ ಉಚಿತವಾಗಿದೆ. ನಮ್ಮ ಗೋಣಿಚೀಲದ ‘ಗೋಣಿ’ ಹೇಗೆ ‘ಗನ್ನಿ’ಯಾಯಿತು, ಮುಂಬೈಯ ಡೋಂಗ್ರಿ ಹೇಗೆ ‘ಡಂಗರೀಸ್’ ಎಂಬ ಉಡುಪಾಯಿತು ಎಂಬಂಥ ನೂರಾರು ಕಥೆಗಳು ಅಲ್ಲಿವೆ.

ಕನ್ನಡದ ಬದಿಯಿಂದ ಬರುವವರಿಗೆ 1894ರ ಕಿಟೆಲ್ ನಿಘಂಟು ಇಂದಿಗೂ ಆಸರೆ. ಬೇಸಾಯ, ನೇಕಾರಿಕೆಯ ಹಳೆಯ ಪದಗಳು ಅದರಲ್ಲಿ ಸಿಗುತ್ತವೆ. ವಿ. ಕೃಷ್ಣ ದಶಕಗಟ್ಟಲೆ ದುಡಿದು ಸಿದ್ಧಪಡಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಮೊಬೈಲಿನಲ್ಲೇ ತೆರೆಯುತ್ತದೆ. ಜಿ. ವೆಂಕಟಸುಬ್ಬಯ್ಯನವರ ‘ಎರವಲು ಪದಕೋಶ’ ಬೇರೆ ಭಾಷೆಗಳಿಂದ ಕನ್ನಡಕ್ಕೆ ಬಂದ ಪದಗಳದು. ಹುಬ್ಬಳ್ಳಿಯ ‘ಕಸ್ತೂರಿ’ಯ ಸಂಪಾದಕರಾಗಿದ್ದ ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’ ಓದಿದರೆ ಪದದ ಹಿಂದೆ ಹೋಗುವ ಚಟ ತಾನಾಗಿ ಹತ್ತುತ್ತದೆ.

ಕೋಚಿಂಗ್ ತರಗತಿಗಳಲ್ಲಿಯೂ ವಾಟ್ಸ್‌ಆ್ಯಪ್‌ನಲ್ಲಿಯೂ ಓಡಾಡುವ ಸುಳ್ಳು ಮೂಲಗಳನ್ನು ಮಾತ್ರ ಗಟ್ಟಿಯಾಗಿ ದೂರವಿಡಬೇಕು. ‘ನ್ಯೂಸ್’ ಎಂದರೆ ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣದ ಮೊದಲಕ್ಷರಗಳು ಎಂದು ಶಾಲೆಯಲ್ಲಿ ಕಲಿತವರು ಲಕ್ಷಾಂತರ. ಅದು ‘ನ್ಯೂ’ ಎಂಬುದರ ಬಹುವಚನ ಅಷ್ಟೆ, ಹೊಸ ಸಂಗತಿಗಳು. ‘ಪಾಶ್’ ಎಂಬುದು ಹಡಗಿನ ಟಿಕೆಟ್ಟಿನ ಸಂಕ್ಷೇಪ ಎಂಬ ಕಥೆಗೆ ಒಂದು ಟಿಕೆಟ್ಟಿನ ಪುರಾವೆಯೂ ಸಿಕ್ಕಿಲ್ಲ. ಹಳೆಯ ಪದವೊಂದನ್ನು ಮೊದಲಕ್ಷರಗಳಿಂದ ಬಿಡಿಸಿ ಹೇಳಿದರೆ ಅನುಮಾನಪಡಿ, ಆ ಬಗೆಯ ಪದರಚನೆ ಹೆಚ್ಚಾದದ್ದು 20ನೇ ಶತಮಾನದಲ್ಲಿ.

ಇನ್ನೊಂದು ಬಲೆ, ಸದ್ದಿನ ಹೋಲಿಕೆ. ಕನ್ನಡದ ‘ಕೊಲ್ಲು’ ಮತ್ತು ಇಂಗ್ಲಿಷಿನ ‘ಕಿಲ್’ ಒಂದೇ ಎಂದು ಅಭಿಮಾನದಿಂದ ಹೇಳುವವರಿದ್ದಾರೆ. ಅಭಿಮಾನ ಒಳ್ಳೆಯದೇ, ಆದರೆ ನಡುವಿನ ಮೆಟ್ಟಿಲು ತೋರಿಸಬೇಕು. ಶರ್ಕರಾದಿಂದ ಶುಗರ್‌ವರೆಗೆ ಪ್ರತಿಯೊಂದು ಮೆಟ್ಟಿಲೂ ಬರಹದಲ್ಲಿ ಸಿಗುತ್ತದೆ, ಕೊಲ್ಲುವಿನಿಂದ ಕಿಲ್‌ಗೆ ಒಂದೂ ಸಿಗುವುದಿಲ್ಲ. ನಿಘಂಟು ‘ಮೂಲ ತಿಳಿಯದು’ ಎಂದು ಬರೆದಿದ್ದರೆ ಅದನ್ನೂ ಹಾಗೆಯೇ ಬರೆದುಕೊಳ್ಳಿ.

ಬರೆದುಕೊಳ್ಳುವ ಕ್ರಮಕ್ಕೆ ಒಳ್ಳೆಯ ಮಾದರಿ ಆಕ್ಸ್‌ಫರ್ಡ್ ನಿಘಂಟಿನದು. 1879ರಲ್ಲಿ ಸಂಪಾದಕ ಜೇಮ್ಸ್ ಮರ್ರೆ ಸಾಮಾನ್ಯ ಓದುಗರಿಗೆ ಕರೆಕೊಟ್ಟರು: ಓದುವಾಗ ವಿಶೇಷ ಪದ ಕಂಡರೆ ಒಂದು ಚೀಟಿಯಲ್ಲಿ ಪದ, ಅದು ಬಂದ ವಾಕ್ಯ, ಪುಸ್ತಕದ ಹೆಸರು, ವರ್ಷ ಬರೆದು ಕಳಿಸಿ. 1928ರಲ್ಲಿ ಮುಗಿದ ಆ ಮಹಾನಿಘಂಟು ನಿಂತಿರುವುದು ಲಕ್ಷಾಂತರ ಚೀಟಿಗಳ ಮೇಲೆ. ನಿಮಗೂ ಅಂಗೈಯಗಲದ ಚೀಟಿ ಸಾಕು. ಮೇಲೆ ಇಂಗ್ಲಿಷ್ ಪದ, ಕೆಳಗೆ ಉಚ್ಚಾರ ಕನ್ನಡದಲ್ಲಿ, ನೀವು ಓದಿದ ವಾಕ್ಯ, ಮೂಲ ಭಾಷೆಯ ಅರ್ಥ, ಕೊನೆಗೆ ನಿಮ್ಮೂರಲ್ಲಿ ಆ ವಸ್ತುವಿಗೋ ಭಾವಕ್ಕೋ ಇರುವ ಮಾತು. ಈ ಕೊನೆಯ ಸಾಲು ಬಿಡಬೇಡಿ. ‘ವೆಫ್ಟ್’ ಚೀಟಿಯಲ್ಲಿ ಹೊಕ್ಕು, ‘ಪರ್ನ್’ ಚೀಟಿಯಲ್ಲಿ ಕಂಡಿಕೆ, ‘ರಟೂನ್’ ಚೀಟಿಯಲ್ಲಿ ಕೂಳೆ. ಗೊತ್ತಿಲ್ಲದಿದ್ದರೆ ಬನಹಟ್ಟಿಯ ಹಿರಿಯ ನೇಕಾರರನ್ನು, ಬೆಲ್ಲದ ಗಾಣದವರನ್ನು ಕೇಳಿ. ಕುಣಿಮಗ್ಗದ ಬಿಡಿಭಾಗಗಳ ಹೆಸರು ಪೂರ್ತಿಯಾಗಿ ಹೇಳಬಲ್ಲವರು ವಯಸ್ಸಾದವರೇ. ಕೇಳುವುದಿದ್ದರೆ ಈ ವರ್ಷವೇ ಕೇಳಿ.